ಕೇತಮ್ಮನ ಒಂಟಿ ಬಳ್ಳಿ

ಬಹಳ ಬಹಳ ಹಿಂದೆ, ಬೆಟ್ಟಗಳು ಈಗಿನದಕ್ಕಿಂತ ಹತ್ತಿರ ಹತ್ತಿರ ಕೂತಿದ್ದ ಕಾಲದಲ್ಲಿ, ಕಾಡಿನ ಮಡಿಲಲ್ಲಿ ಒಂದು ಹಾಡಿ ಇತ್ತಂತೆ. ಬೆರಳೆಣಿಕೆಯ ಗುಡಿಸಲುಗಳ ಊರು. ಸೂರ್ಯ ಮೊದಲು ಅಲ್ಲಿ ಬಂದು ಆಮೇಲೆ ಬೇರೆ ಕಡೆ ಹೋಗುತ್ತಿದ್ದನೆಂದು ಅದಕ್ಕೆ ಮೂಡಲ ಹಾಡಿ ಎಂದು ಹೆಸರು. ಆ ಹಾಡಿಯಲ್ಲಿ ಕೇತಮ್ಮ ಎಂಬ ಹೆಂಗಸು ಇದ್ದಳಂತೆ.

ಕೇತಮ್ಮ ಬೋಜ ಕಾಯಿಸುವುದರಲ್ಲಿ ಗಟ್ಟಿಗಿತ್ತಿ. ಬೋಜವೆಂದರೆ ರಾಗಿಯ ಕಳ್ಳು. ರಾಗಿ ನೆನೆಹಾಕಿ, ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸಿ, ಬೀಸಿ, ಗಂಜಿ ಕಾಯಿಸಿ, ಮಡಕೆಗೆ ಹುಯ್ದು ಬಾಯಿ ಕಟ್ಟಿ ಇಟ್ಟರೆ ಮಡಕೆ ತನ್ನಷ್ಟಕ್ಕೆ ತಾನು ಗುನುಗತೊಡಗುತ್ತದೆ. ಬೇರೆಯವರ ಮಡಕೆ ಗುನುಗುತ್ತಿತ್ತು, ಕೇತಮ್ಮನ ಮಡಕೆ ಹಾಡುತ್ತಿತ್ತು ಅಂತಾರೆ. ಅವಳು ಮಡಕೆಗೆ ಕಿವಿಯಿಟ್ಟು ಕೇಳಿ, ಇವತ್ತು ಬೇಡ, ನಾಳೆ ಕುಡಿಯಿರಿ ಎಂದರೆ ಯಾರೂ ಎದುರಾಡುತ್ತಿರಲಿಲ್ಲವಂತೆ.

ಅವಳ ಗಂಡ ತೀರಿಹೋಗಿದ್ದ. ಇದ್ದವಳು ಒಬ್ಬಳೇ ಮಗಳು, ನೀಲಿ. ನೀಲಿಯನ್ನು ಕೇತಮ್ಮ ಪಡುವಲ ಹಾಡಿಗೆ ಕೊಟ್ಟಳು. ಅಷ್ಟು ದೂರಕ್ಕೆ ಅದುವರೆಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ನಡುವೆ ಎರಡು ಬೆಟ್ಟ, ಬೆಟ್ಟಗಳ ನಡುವೆ ಬಿಸಿಲಿಗೆ ಕಾದ ಒಂದು ಕಣಿವೆ. ಹುಡುಗ ಒಳ್ಳೆಯವನು, ನೀಲಿಗೆ ಮನಸ್ಸಿತ್ತು, ಕೊಟ್ಟಳು.

ಆ ಕಾಲದಲ್ಲಿ ಅವರಲ್ಲೊಂದು ಕಟ್ಟಳೆ ಇತ್ತಂತೆ. ಮಗಳನ್ನು ಕೊಟ್ಟ ಮೇಲೆ, ಹೊಸ ರಾಗಿ ಬಂದಾಗ, ತಾಯಿ ತನ್ನ ಕೈಯ ಬೋಜವನ್ನು ಮಡಕೆ ತುಂಬ ಹೊತ್ತು ಬೀಗರ ಗಡಿಕಲ್ಲಿಗೆ ಹೋಗಬೇಕು. ಬೀಗರ ಕಡೆಯ ಹಿರಿಯ ಅದನ್ನು ಕುಡಿಯಬೇಕು. ಕುಡಿದರೆ ದಾರಿ ತೆರೆಯಿತು. ಮಗಳು ತವರಿಗೆ ಬರಬಹುದು, ತಾಯಿ ಮಗಳ ಮನೆಗೆ ಹೋಗಬಹುದು. ಬೋಜ ಹುಳಿಯಾಗಿದ್ದರೆ ಅದನ್ನು ಕಲ್ಲಿನ ಬುಡಕ್ಕೆ ಚೆಲ್ಲುತ್ತಾರೆ. ತವರಿನ ಮನಸ್ಸಿನಲ್ಲಿ ಹುಳಿ ಉಳಿದಿದೆ ಅಂತ ಅರ್ಥ. ಇನ್ನೊಂದು ರಾಗಿ ಬರುವ ತನಕ ತಾಯಿಗೂ ಮಗಳಿಗೂ ಮಾತಿಲ್ಲ.

ಹತ್ತಿರದ ಸಂಬಂಧಗಳಿಗೆ ಇದು ತೊಡಕಾಗಿರಲಿಲ್ಲ. ಬೆಳಗ್ಗೆ ಹೊತ್ತ ಮಡಕೆ ಮಧ್ಯಾಹ್ನಕ್ಕೆ ಮುಟ್ಟುತ್ತಿತ್ತು. ಕೇತಮ್ಮನ ಮಡಕೆ ಮಾತ್ರ ಕಾದ ಕಣಿವೆ ದಾಟಬೇಕಿತ್ತು. ದಾಟುವಷ್ಟರಲ್ಲಿ ಹುಳಿಯಿತು. ಅಂಥ ಕೇತಮ್ಮನ ಬೋಜವೂ ಹುಳಿಯಿತು.

ನೀಲಿಯ ಮಾವ ಬೇದೇಗೌಡ ಒಂದು ಗುಟುಕು ಬಾಯಿಗೆ ಹಾಕಿ, ತಲೆ ತಗ್ಗಿಸಿ, ಮಡಕೆ ಬಗ್ಗಿಸಿದನಂತೆ. ಕಲ್ಲಿನ ಆಚೆ ನೀಲಿ, ಈಚೆ ಕೇತಮ್ಮ. ಇಬ್ಬರೂ ತುಟಿ ಬಿಚ್ಚಲಿಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತು, ಒಬ್ಬರ ಮುಖ ಒಬ್ಬರು ನೋಡಿ, ಹಿಂತಿರುಗಿದರು.

ವಾಪಸು ಬರುವಾಗ ಕೇತಮ್ಮ ಕಣಿವೆಯ ಒಂದು ಹೊನ್ನೆಮರದ ಕೆಳಗೆ ಮಲಗಿದಳಂತೆ. ಮರದ ತುಂಬ ಒಂದು ಬಳ್ಳಿ ಹಬ್ಬಿತ್ತು. ಎಳೆ ಹಸಿರು ಹೂ, ಎಸಳ ಮೇಲೆ ಎಸಳು ಹೊದ್ದು ಪುಟ್ಟ ಗೀಜಗನ ಗೂಡಿನ ಹಾಗೆ ಜೋತುಬಿದ್ದಿತ್ತು. ಅದರ ವಾಸನೆಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆ ನಿದ್ದೆಯಲ್ಲಿ ನೀಲಿ ಬಂದು, ತಲೆ ಬಾಚು ಅಂತ ಕೂತಳಂತೆ. ಕೇತಮ್ಮ ಬಾಚುತ್ತಾ ಹೋದಳು. ಕೂದಲು ಮುಗಿಯಲೇ ಇಲ್ಲ. ಬೆಟ್ಟ ಇಳಿದು, ಕಣಿವೆ ದಾಟಿ, ಮೂಡಲ ಹಾಡಿಯ ಬಾಗಿಲ ತನಕ ಹಬ್ಬಿತು. ಎಚ್ಚರಾದಾಗ ಕೈ ತುಂಬ ಆ ಹೂವಿತ್ತು. ಚೆಲ್ಲಲು ಮನಸ್ಸಾಗದೆ ಬರಿದಾದ ಮಡಕೆಗೆ ತುಂಬಿಕೊಂಡು ಬಂದಳು.

ಮನೆಗೆ ಬಂದು ಆ ಮಡಕೆಯನ್ನು ಮೂಲೆಗಿಟ್ಟಳು. ಆಮೇಲೆ ಮರೆತು ಅದೇ ಮಡಕೆಗೆ, ಹೂವಿನ ಮೇಲೆಯೇ, ಬೋಜ ಹುಯ್ದಳು. ಉಳಿದ ಮಡಕೆಗಳೆಲ್ಲ ಹುಳಿದು ನೊಣ ಮುತ್ತಿದವು. ಆ ಒಂದು ಮಡಕೆ ಹುಣ್ಣಿಮೆ ಕಳೆದು ಅಮಾವಾಸ್ಯೆ ಬಂದರೂ ಹುಳಿಯಲಿಲ್ಲ. ಬಾಯಿಗೆ ಕಹಿ, ಗಂಟಲಿಗೆ ತಂಪು. ಮರೆತು ಹುಯ್ದದ್ದಲ್ಲ, ಕನಸಲ್ಲಿ ನೀಲಿಯೇ ಹೇಳಿಕೊಟ್ಟಳು ಎನ್ನುವವರೂ ಇದ್ದಾರೆ. ಕೇತಮ್ಮ ಯಾವುದನ್ನೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಮರುವರ್ಷ ಹೂವಿಗೆಂದು ಹೋದರೆ ಆನೆಗಳು ಹೊನ್ನೆಮರವನ್ನೇ ಉರುಳಿಸಿ ಬಳ್ಳಿಯನ್ನು ಮೇದುಬಿಟ್ಟಿದ್ದವು. ಮಣ್ಣೊಳಗೆ ಒಂದು ಬೇರು ಮಾತ್ರ ಹಸಿಯಾಗಿತ್ತು. ಕೇತಮ್ಮ ಅದನ್ನು ಒದ್ದೆ ಸೆರಗಿನಲ್ಲಿ ಕಟ್ಟಿಕೊಂಡು, ಎಳೆಗೂಸಿನ ಹಾಗೆ ಎದೆಗವಚಿ ತಂದಳು. ಮನೆಯ ಬಗಲಲ್ಲಿ ನೆಟ್ಟು, ಉದ್ದನೆಯ ಬಿದಿರು ನಿಲ್ಲಿಸಿದಳು. ಮೊದಲ ವರ್ಷ ಬರೀ ಎಲೆ. ಕೇತಮ್ಮ ಹೊತ್ತ ಮಡಕೆಯನ್ನು ಆ ವರ್ಷವೂ ಬೇದೇಗೌಡ ಬಗ್ಗಿಸಿದ. ಮುಂದಿನ ವರ್ಷ ಒಂದು ಹಿಡಿ ಹೂ ಬಿಟ್ಟಿತು. ಹೂವನ್ನು ಬೆರಳಲ್ಲಿ ಹಿಸುಕಿದರೆ ಅರಿಸಿನದಂಥ ಪುಡಿ ಅಂಟುತ್ತಿತ್ತು. ಆ ಪುಡಿಯಲ್ಲೇ ಕಹಿ, ಆ ಪುಡಿಯಲ್ಲೇ ವಾಸನೆ. ಹಿಡಿ ಹೂ ಒಂದು ಕುಡಿಕೆಗೆ ಸಾಕಾಯಿತು, ಮಡಕೆಗೆ ಸಾಲದು. ಆ ಕುಡಿಕೆ ಹುಳಿಯಲಿಲ್ಲ, ಕಟ್ಟಳೆಯ ಮಡಕೆ ಮಾತ್ರ ಆ ಸಲವೂ ಹುಳಿಯಿತು. ಮುಂದಿನ ರಾಗಿಗೆ ಬಳ್ಳಿ ಮೈತುಂಬುತ್ತದೆ, ಮಗಳು ಬರುತ್ತಾಳೆ ಅಂದುಕೊಂಡಳು ಕೇತಮ್ಮ.

ಅಷ್ಟರಲ್ಲಿ ಹಾಡಿಯ ಯಜಮಾನ ಅಚ್ಚುಗೇಗೌಡ ಬಂದ. ಕೆಟ್ಟವನಲ್ಲ. ಆದರೆ ಒಂಟಿಯಾದ ಯಾವುದನ್ನೂ ನೋಡಲಾರದವನು. ಅರಳಿಗೆ ಬೇವು ಕಟ್ಟಿ ಮದುವೆ ಮಾಡಿಸಿದವನು, ಒಂಟಿ ಬಾವಿಗೂ ಒಂದು ಗಂಡು ಹುಡುಕುತ್ತಾನೆ ಎಂದು ಹೆಂಗಸರು ಬೆನ್ನ ಹಿಂದೆ ನಗುತ್ತಿದ್ದರಂತೆ. ಗಂಡ ಇಲ್ಲದವಳ ಮನೆ ಬಗಲಲ್ಲಿ ಜೊತೆಯಿಲ್ಲದ ಬಳ್ಳಿ ಬೆಳೆಯಬಾರದು, ಊರಿಗೆ ಒಳ್ಳೆಯದಲ್ಲ, ಇದಕ್ಕೂ ಮದುವೆಯಾಗಲಿ ಅಂದ. ಜೊತೆ ಸಿಕ್ಕಿದರೆ ಹೂ ಇಮ್ಮಡಿಯಾದೀತು ಎಂದೂ ಅಂದ. ಕೇತಮ್ಮನಿಗೆ ಆ ಮಾತು ಹಿಡಿಸಿತು. ಅವಳಿಗೆ ಹೂ ಬೇಕಿತ್ತು.

ಅದೇ ಎಲೆಯ, ಆದರೆ ಗೊಂಚಲಾಗಿ ಸಡಿಲ ಹೂ ಬಿಡುವ ಗಂಡು ಬಳ್ಳಿಯನ್ನು ಆಚೆ ಗುಡ್ಡದಿಂದ ತಂದರು. ಜೊತೆಗೆ ನೆಟ್ಟರು. ಅರಿಸಿನದ ದಾರ ಕಟ್ಟಿದರು, ಅಕ್ಕಿ ಹಾಕಿದರು, ಕೇತಮ್ಮನ ಕೈಯಲ್ಲೇ ಬೋಜ ಮಾಡಿಸಿ ಕುಡಿದು ಕುಣಿದರು. ಮಳೆಗಾಲ ಕಳೆಯುವಷ್ಟರಲ್ಲಿ ಬಳ್ಳಿ ಬಿದಿರು ಮುಚ್ಚಿ ಗುಡಿಸಲ ಮಾಡು ಹತ್ತಿತು. ಎಂದೂ ಬಿಡದಷ್ಟು ಹೂ ಬಿಟ್ಟಿತು, ದಪ್ಪ ದಪ್ಪ ಹೂ. ಅಚ್ಚುಗೇಗೌಡ ದಿನಾ ಬಂದು ನೋಡಿ, ಮೀಸೆ ಸವರಿಕೊಂಡು ಹೋಗುತ್ತಿದ್ದನಂತೆ.

ಕೇತಮ್ಮ ಆ ಹೂ ಹಾಕಿದ ಬೋಜದ ಮಡಕೆ ಹೊತ್ತು ನಡೆದಳು. ಕಾಲು ನೆಲದ ಮೇಲಿರಲಿಲ್ಲ ಅಂತಾರೆ. ಗಡಿಕಲ್ಲಿನ ಆಚೆ ನೀಲಿ ಆ ಸಲ ಸೊಂಟದ ಮೇಲೆ ಒಂದು ಮಗು ಎತ್ತಿಕೊಂಡು ನಿಂತಿದ್ದಳು. ಬೇದೇಗೌಡ ಬಾಯಿಗಿಟ್ಟ. ಅದೂ ಹುಳಿ. ಕೇತಮ್ಮನ ಮುಖ ನೋಡಲಾರದೆ ಮಡಕೆ ಬಗ್ಗಿಸಿದ. ಮಗು ಕೇತಮ್ಮನ ಕಡೆಗೆ ಕೈ ಚಾಚಿತು. ಅದಕ್ಕೆ ಕಟ್ಟಳೆ ಗೊತ್ತಿರಲಿಲ್ಲ. ನೀಲಿ ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಹಿಂತಿರುಗಿ ಬಂದ ಕೇತಮ್ಮ ಒಲೆ ಹಚ್ಚಲಿಲ್ಲ. ಬಳ್ಳಿಯ ಬುಡದಲ್ಲಿ ಕೂತು, ಉಳಿದಿದ್ದ ಒಂದೊಂದೇ ಹೂ ಬಿಡಿಸುತ್ತಾ ಹೋದಳು. ಪ್ರತಿ ಎಸಳಿನ ಮಡಿಲಲ್ಲೂ ಒಂದು ಬೀಜ. ಪುಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಸುರಾದ ಹೂವಿಗೆ ಬೀಜದ್ದೇ ಧ್ಯಾನ, ಕಹಿಯ ನೆನಪು ಅದಕ್ಕೆಲ್ಲಿ? ಒಂಟಿಯಾಗಿದ್ದಾಗ ಅದು ಏನನ್ನೋ ಕಾಯುತ್ತಿತ್ತು. ಕಾದದ್ದೆಲ್ಲ ಆ ಪುಡಿಯಾಗಿತ್ತು. ಕೇತಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಾರನೆಯ ಬೆಳಗ್ಗೆ ಅವಳು ಗಂಡು ಬಳ್ಳಿಯನ್ನು ಬೇರು ನೋಯದಂತೆ ಅಗೆದಳು, ಬುಟ್ಟಿಯಲ್ಲಿಟ್ಟಳು, ಹೊಳೆ ದಾಟಿ ಬೆಟ್ಟದ ಬೆನ್ನಿಗೆ ಹೋಗಿ ನೆಟ್ಟು ಬಂದಳು. ಬರುವಷ್ಟರಲ್ಲಿ ಹಾಡಿಯೆಲ್ಲ ಅವಳ ಅಂಗಳದಲ್ಲಿ ನಿಂತಿತ್ತು. ಊರು ಸೇರಿ ಮಾಡಿದ ಮದುವೆ ಮುರಿದಿದ್ದಾಳೆ, ಕೇಡು ಬರುತ್ತದೆ ಅಂದರು. ಅಚ್ಚುಗೇಗೌಡನಿಗೆ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತಂತೆ.

"ನೀನಂತೂ ತಾಳಿ ಕಳಕೊಂಡೆ. ಈ ಬಳ್ಳಿ ನಿಂಗೇನು ಮಾಡಿತ್ತವ್ವ?" ಅಂದ.

ಕೇತಮ್ಮ ಕೈಯ ಮಣ್ಣು ಒರೆಸಿಕೊಂಡಳು. "ನಾನು ಅದರ ಗಂಡನ್ನ ಕೊಂದಿಲ್ಲ ಯಜಮಾನ. ನನ್ನ ಮಗಳನ್ನ ಎಷ್ಟು ದೂರ ಕೊಟ್ಟಿದೀನೋ ಅಷ್ಟು ದೂರ ಇಟ್ಟಿದೀನಿ. ನಾನು ತಡಕೊಂಡಿಲ್ವ? ಅದೂ ತಡಕೊಳ್ತದೆ."

ಹಾಡಿಯವರು ಹಾಗೇ ಬಿಡಲಿಲ್ಲ. ಆ ವರ್ಷವೆಲ್ಲ ಅವಳ ಒಲೆಯ ಬೆಂಕಿ ಯಾರೂ ಇಸಿದುಕೊಳ್ಳಲಿಲ್ಲವಂತೆ, ಅವಳ ಮಡಕೆಯ ಬೋಜ ಯಾರೂ ಮುಟ್ಟಲಿಲ್ಲವಂತೆ. ಕೇತಮ್ಮ ಬಳ್ಳಿಯ ಹತ್ತಿರ ಮಾತಾಡುತ್ತಿದ್ದಳು. ಬಳ್ಳಿ ತಲೆ ತಿರುಗಿಸಿ ಕೇಳುತ್ತಿತ್ತು ಅಂತಾರೆ. ಬೇರೆ ಬಳ್ಳಿ ಬಿಸಿಲ ಕಡೆ ಹೋದರೆ, ಇದು ಅವಳು ಕೂತ ಕಡೆ ಕುಡಿ ಚಾಚುತ್ತಿತ್ತಂತೆ.

ಹೂ ಬಂತು. ಚಿಕ್ಕ ಹೂ, ಬೀಜವಿಲ್ಲದ ಹೂ. ಹಿಸುಕಿದರೆ ಬೆರಳೆಲ್ಲ ಹಳದಿ. ಹೊಸ ರಾಗಿಯ ಗಂಜಿ ಕುದಿಯುವಾಗ ಮೊರ ತುಂಬ ಹೂ ಸುರಿದಳು. ಆ ಹಬೆಗೆ ಹಾಡಿಯೆಲ್ಲ ಹಗಲಲ್ಲೇ ತೂಕಡಿಸಿತು. ಅಳುವ ಕೂಸು ಅಳು ನಿಲ್ಲಿಸಿತು. ಜಗಳಕ್ಕೆ ನಿಂತವರಿಗೆ ಜಗಳ ಯಾಕೆಂದು ಮರೆಯಿತು.

ಗಡಿಕಲ್ಲಿನ ಹತ್ತಿರ ಬೇದೇಗೌಡ ಮಡಕೆಯ ಬಾಯಿ ಬಿಚ್ಚಿದ. ಸೋರೆ ಬುರುಡೆಯಲ್ಲಿ ಮೊಗೆದು ಬಾಯಿಗಿಟ್ಟ. ಕಹಿ ಅಂತ ಮುಖ ಕಿವುಚಿದ. ಸುತ್ತ ನಿಂತವರು, ಕಹಿ, ಕಹಿ ಎಂದು ಗುಸುಗುಸು ಅಂದರು. ಹುಳಿಗಿಂತ ಕಹಿ ಕೆಟ್ಟದ್ದು, ಚೆಲ್ಲಿ ಅಂದ ಒಬ್ಬ. ಕೇತಮ್ಮನ ಕಣ್ಣು ಬುರುಡೆಯ ಮೇಲಿತ್ತು. ಅದು ಬಗ್ಗಿದರೆ ಮತ್ತೊಂದು ಮಳೆಗಾಲ, ಮತ್ತೊಂದು ರಾಗಿ, ಮಗುವಿಗೆ ಅಷ್ಟರಲ್ಲಿ ಮಾತು ಬಂದಿರುತ್ತದೆ.

ಬೇದೇಗೌಡ ಇನ್ನೊಂದು ಗುಟುಕು ಕುಡಿದ. ತಡೆದ. ಮತ್ತೊಂದು ಕುಡಿದ. "ಹುಳಿಯಾದರೆ ಚೆಲ್ಲಿ ಅಂದವ್ರೆ ಹಿರೀಕರು. ಕಹಿಯಾದರೆ ಏನು ಮಾಡಬೇಕು ಅಂತ ಹೇಳಿಲ್ಲ," ಅಂದ. "ಮಗಳನ್ನ ಬಿಟ್ಟಿರೋ ತಾಯಿ ಕೈಯಿಂದ ಮತ್ತೇನು ಬಂದೀತು? ಇರೋದನ್ನ ಇರೋ ಹಾಗೇ ತಂದವಳೆ." ಬುರುಡೆ ಬರಿದು ಮಾಡಿ, ಮತ್ತೆ ಮೊಗೆದು, ಕಲ್ಲಿನ ಆಚೆ ನಿಂತಿದ್ದ ಸೊಸೆಯ ಕೈಗೆ ಕೊಟ್ಟ.

ನೀಲಿ ಮಗುವನ್ನು ಕಲ್ಲಿನ ಮೇಲಿಂದ ಅಜ್ಜಿಯ ಕೈಗೆ ದಾಟಿಸಿದಳು. ಆಮೇಲೆ ಕುಡಿದಳು. ಅಷ್ಟು ವರ್ಷ ಕಟ್ಟಿಕೊಂಡ ಬಾಯಿಂದ ಮೊದಲು ಬಂದ ಮಾತು ಏನೆಂದು ಎರಡೂ ಹಾಡಿಯವರು ಇವತ್ತಿಗೂ ನಗುನಗುತ್ತಾ ಹೇಳುತ್ತಾರೆ.

"ಹೂ ಜಾಸ್ತಿ ಹಾಕ್ಬಿಟ್ಟಿದೀಯ ಕಣವ್ವ," ಅಂದಳಂತೆ.

"ಹಂಗಾದ್ರೆ ಮನೆಗೆ ಬಂದು ನೀನೇ ಹಾಕು," ಅಂದಳಂತೆ ಕೇತಮ್ಮ.

ಆಮೇಲೆ ಕೇತಮ್ಮ ಎಷ್ಟು ಕಾಲ ಬದುಕಿದಳೋ ಯಾರಿಗೂ ಗೊತ್ತಿಲ್ಲ. ಅವಳ ಬಳ್ಳಿಯ ಬೇರು ಮಾತ್ರ ಮನೆ ಮನೆಗೆ ಹೋಯಿತು. ಮೂಡಲ ಹಾಡಿಯಲ್ಲಿ ಮಗಳನ್ನು ಕೊಡುವಾಗ ಇಂದಿಗೂ ಒಂದು ತುಂಡು ಬೇರನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮಡಿಲಿಗೆ ಹಾಕುತ್ತಾರೆ. ಹಿತ್ತಿಲಲ್ಲಿ ಗಂಡು ಬಳ್ಳಿ ತಾನಾಗಿ ಹುಟ್ಟಿದರೆ ಕಿತ್ತು ಎಸೆಯುವುದಿಲ್ಲ. ಬುಟ್ಟಿಯಲ್ಲಿಟ್ಟು, ಅಳಿಯನನ್ನು ಬೀಳ್ಕೊಡುವ ಹಾಗೆ ಬುತ್ತಿ ಕಟ್ಟಿ, ಹೊಳೆಯಾಚೆ ಬಿಟ್ಟು ಬರುತ್ತಾರೆ. ಬುತ್ತಿಯನ್ನು ಹೊತ್ತುಹೋದವರೇ ತಿನ್ನುತ್ತಾರೆ.

ಹೂ ಬಿಡಿಸುವ ದಿನ ಬಂದರೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ತಾಯಂದಿರ ಪಕ್ಕ ಕೂತು, ಮೊರ ಮುಂದಿಟ್ಟುಕೊಂಡು, ಬೆರಳು ಹಳದಿ ಮಾಡಿಕೊಂಡು ಮಾತಿಗಿಳಿಯುತ್ತಾರೆ. ಅವತ್ತು ಅಡಿಗೆ ಗಂಡಸರದು. ಹಸಿವಾದರೂ, ಮಳೆ ಬಂದರೂ, ಯಜಮಾನನೇ ಬಾಗಿಲಲ್ಲಿ ಬಂದು ನಿಂತರೂ, ಆ ಮಾತನ್ನು ಯಾರೂ ನಡುವೆ ತಡೆಯುವುದಿಲ್ಲ.