ದೇವೀರಮ್ಮನ ಮಗ ಎರಡು ಕೋರಿನ ಕಂಪ್ಯೂಟರಿಗೆ ವೇಗ ಏರಿಸಿದ್ದು

ಎರಡು ಕೋರಿನ ಅಗ್ಗದ ಪ್ರೊಸೆಸರಿಗೆ ವೇಗ ಏರಿಸಿದರೆ ಗೇಮ್ ಆಡೋಕೆ ಆಗುತ್ತಾ ಅಂತ ಯಾರೂ ನನ್ನನ್ನು ಕೇಳಬೇಡಿ. ಕೇಳಿದರೆ ಈ ಕತೆ ಹೇಳಬೇಕಾಗುತ್ತೆ. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಇರಲಿ, ಕೇಳಿಬಿಟ್ಟಿರಿ, ಕೂತುಕೊಳ್ಳಿ. ಮಧ್ಯದಲ್ಲಿ ಬಾಯಿ ಹಾಕಿ ‘ಅಷ್ಟೂ ಗೊತ್ತಾಗಲಿಲ್ವಾ ಅವನಿಗೆ’ ಅಂತ ಮಾತ್ರ ಅನ್ನಬೇಡಿ. ಗೊತ್ತಾಗಿದ್ದರೆ ಕತೆ ಎಲ್ಲಿಂದ ಬರುತ್ತಿತ್ತು?

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ ದೇವೀರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಬೋರೇಶ. ಮೀಸೆ ಬಂದು, ಮದುವೆ ವಯಸ್ಸೂ ಬಂದು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಕೆಟ್ಟವನಲ್ಲ. ಸೋಮಾರಿಯಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಬಂದ ಕಷ್ಟವೇ ಅದು. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂತ, ಹಿಂದಿನ ಕಿಟಕಿಯಿಂದ ಯಾರೋ ಕೀಬೋರ್ಡು ಎತ್ತಿಕೊಂಡು ಹೋದರು. ಬಾಗಿಲು ಮಾತ್ರ ಎಲ್ಲೂ ಹೋಗಿರಲಿಲ್ಲ.

ದೇವೀರಮ್ಮ ಮೊದಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ದಿನವಿಡೀ ನಿಂತು ನಿಂತು ಮಂಡಿ ಹೋಯಿತು. ಬಿಟ್ಟು ಬಂದು ಮನೆಯ ಮುಂದಿನ ಕೋಣೆಯ ಒಳಬಾಗಿಲು ಗೋಡೆ ಕಟ್ಟಿ ಮುಚ್ಚಿಸಿ, ಬೀದಿ ಕಡೆಗೆ ಶಟರ್ ಹಾಕಿಸಿ, ಒಂದು ಹಳೇ ಕಂಪ್ಯೂಟರ್ ಇಟ್ಟು, ಕಾಲೇಜು ಹುಡುಗರಿಗೆ ಗೇಮ್ ಆಡಲು ಬಿಡುತ್ತಿದ್ದಳು. ಅದರಲ್ಲೇ ತಾಯಿ ಮಗನ ಊಟ. ಅಷ್ಟರಲ್ಲಿ ಎದುರು ಸಾಲಿನಲ್ಲಿ ಹೊಸ ಗೇಮ್ ಸೆಂಟರ್ ಬಂತು. ಇವಳ ಕಂಪ್ಯೂಟರಿನಲ್ಲೋ, ಕಾರ್ ರೇಸ್ ಹಾಕಿದರೆ ಕಾರು ತಿರುವಿನಲ್ಲಿ ನಿಂತು ಉಸಿರು ತಗೊಂಡು ಮುಂದೆ ಹೋಗುತ್ತಿತ್ತು. ಹುಡುಗರ ಗುಂಪಿಗೆ ದೊಡ್ಡವನು ನಂದೀಶ. ಅವನು ಮರ್ಯಾದೆಯಾಗಿಯೇ ಹೇಳಿದ: ಭಾನುವಾರ ನಮ್ಮ ಪಂದ್ಯ ಇದೆ ಅಕ್ಕ, ಕಂಪ್ಯೂಟರ್ ಸರಿಮಾಡಿಸಿದರೆ ಇಲ್ಲೇ ಆಡ್ತೀವಿ, ಇಲ್ಲದಿದ್ದರೆ ಆ ಕಡೆ ಹೋಗ್ತೀವಿ. ಹುಡುಗರು ಆ ಕಡೆ ಹೋದರೆ ಅಂಗಡಿ ಮುಚ್ಚಿದ ಹಾಗೆ. ಅಂಗಡಿ ಮುಚ್ಚಿದರೆ ಮತ್ತೆ ಗಾರ್ಮೆಂಟ್ಸ್ ಬಸ್ಸು, ಮತ್ತೆ ಅದೇ ಮಂಡಿ.

ರಿಪೇರಿ ಇಮ್ತಿಯಾಜನನ್ನು ಕರೆಸಿದಳು. ಅವನು ಒಳ್ಳೆಯವನು. ನಾಲ್ಕು ಕೋರಿನದು ಕೊಳ್ಳುವ ಶಕ್ತಿ ಅಕ್ಕನಿಗಿಲ್ಲ ಅಂತ ಅವನಿಗೂ ಗೊತ್ತು. ಅದಕ್ಕೆ ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ. ಕೋರು ಅಂದರೆ ಆಳು ಇದ್ದ ಹಾಗೆ. ನಾಲ್ಕು ಆಳು ಇದ್ದರೆ ಒಳ್ಳೆಯದೇ. ಎರಡೇ ಆಳಿನ ಅಗ್ಗದ ಪ್ರೊಸೆಸರ್ ಒಂದು ಮೈಸೂರಿನಲ್ಲಿ ಸಿಗುತ್ತೆ, ಅದಕ್ಕೆ ಕಂಪನಿಯವರು ಇಷ್ಟೇ ವೇಗ ಅಂತ ಬೀಗ ಹಾಕಿಲ್ಲ. ಅದೇ ಇಬ್ಬರನ್ನು ಜೋರಾಗಿ ದುಡಿಸಿದರೆ ಈ ಹುಡುಗರು ಆಡೋ ಕಾರ್ ರೇಸಿಗೆ ಧಾರಾಳ. ನಾಳೆ ದೊಡ್ಡ ದೊಡ್ಡ ಆಟ ಬಂದರೆ ಏದುಸಿರು ಬಿಡುತ್ತೆ, ಅದು ನಾಳೆಯ ಮಾತು.

ಮೈಸೂರಿಗೆ ಹೋಗೋರು ಯಾರು? ದೇವೀರಮ್ಮನ ಮಂಡಿಗೆ ಬಸ್ಸಿನ ಮೆಟ್ಟಿಲೇ ಬೆಟ್ಟ. ಬೋರೇಶನೇ ಹೋಗಬೇಕಾಯಿತು. ಇದು ಬಂಗಾರದಂಥ ಸಾಮಾನು, ಮನೆ ಸೇರೋವರೆಗೂ ಕೈಯಿಂದ ಬಿಡಬೇಡ ಅಂತ ತಾಯಿ ಹೇಳಿ ಕಳಿಸಿದಳು.

ಬೋರೇಶ ಹೋದ. ಕೊಂಡ. ಡಬ್ಬಿಯಲ್ಲಿದ್ದರೆ ಕೈಯಲ್ಲಿದ್ದ ಹಾಗಾಗುತ್ತಾ? ಡಬ್ಬಿಯಿಂದ ತೆಗೆದ, ಮುಷ್ಟಿಯಲ್ಲಿ ಹಿಡಿದ. ಬಸ್ಸಿನ ನೂಕುನುಗ್ಗಲಿನಲ್ಲಿ ಜನ ತಳ್ಳಿದಷ್ಟೂ ಬಿಗಿಯಾಗಿ ಹಿಡಿದ. ಮನೆಗೆ ಬಂದು ಮುಷ್ಟಿ ಬಿಚ್ಚಿದರೆ ಪ್ರೊಸೆಸರಿನ ಕೂದಲೆಳೆಯಂಥ ಪಿನ್ನುಗಳೆಲ್ಲ ಮಲಗಿದ್ದವು, ಅಂಗೈ ತುಂಬ ಚುಕ್ಕಿ ಚುಕ್ಕಿ ಗಾಯ.

ದೇವೀರಮ್ಮ ಮೊದಲು ಅಂಗೈಗೆ ಅರಿಶಿನ ಹಚ್ಚಿದಳು, ಆಮೇಲೆ ಬೈದಳು.

“ಅಯ್ಯೋ ನನ್ ಮಗ್ನೆ, ಹಂಗಲ್ಲ ಕಣ್ಲಾ. ಸೂಕ್ಷ್ಮದ ಸಾಮಾನ್ನ ಹತ್ತೀಲಿಟ್ಟು, ಬಟ್ಟೆ ಸುತ್ತಿ, ಗಾಳಿ ಸೋಕ್ದಂಗೆ ತರ್ಬೇಕು ಕಣ್ಲಾ.”

ಆಯ್ತು ಕಣವ್ವ ಅಂದ ಬೋರೇಶ. ಅವನು ಯಾವತ್ತೂ ಎದುರು ಮಾತಾಡಿದವನಲ್ಲ.

ಇಮ್ತಿಯಾಜ ಒಂದು ಸೂಜಿ ಹಿಡಿದು ಕೂತು, ಒಂದೊಂದೇ ಪಿನ್ನು ಎಬ್ಬಿಸಿ ನಿಲ್ಲಿಸಿ, ಪ್ರೊಸೆಸರನ್ನು ಕೂರಿಸಿದ. ವೇಗ ಏರಿಸಿದರೆ ಇದು ಬಿಸಿಯಾಗುತ್ತೆ, ಹಳೇ ಫ್ಯಾನು ತಡೆಯೋದಿಲ್ಲ, ದೊಡ್ಡ ಫ್ಯಾನು ತರಿಸಿ ಅಂದ. ಮತ್ತೆ ಬೋರೇಶನೇ ಹೋದ. ಈ ಸಲ ಹೊಸ ಬುದ್ಧಿಮಾತು ಕಿವಿಯಲ್ಲೇ ಇತ್ತು. ಫ್ಯಾನಿನ ರೆಕ್ಕೆ ರೆಕ್ಕೆಯ ಸಂದಿಗೂ ಹತ್ತಿ ತುಂಬಿದ. ಮೇಲೆ ತಾಯಿಯ ಹಳೇ ಸೀರೆಯ ತುಂಡು ಸುತ್ತಿದ, ಬಾಣಂತಿ ಮಗುವಿಗೆ ಸುತ್ತುವ ಹಾಗೆ. ಇಮ್ತಿಯಾಜ ಯಾವುದೋ ಮದುವೆಗೆ ಹೋಗಿದ್ದ. ನಾಲ್ಕು ಮೂಲೆಗೆ ಸ್ಕ್ರೂ ಬಿಗಿಯೋದು ಅಂತ ಅವನು ತೋರಿಸಿಕೊಟ್ಟಿದ್ದನಲ್ಲ, ಬೋರೇಶ ತಾನೇ ಬಿಗಿದ. ಸೀರೆ ಬಿಚ್ಚು ಅಂತ ಯಾರೂ ಹೇಳಿರಲಿಲ್ಲ. ಬಿಚ್ಚಲಿಲ್ಲ.

ಸ್ವಿಚ್ಚು ಹಾಕಿದ. ಫ್ಯಾನು ಒಂದು ಸಲ ಗುರ್ ಅಂತು, ಸೀರೆಯನ್ನು ಒಳಗೆಳೆದುಕೊಂಡು ಸುಮ್ಮನಾಯಿತು. ಕಂಪ್ಯೂಟರ್ ಕಾದು ಕಾದು ತಾನಾಗೇ ಆರಿಹೋಯಿತು. ಪುಣ್ಯಕ್ಕೆ ಅದಕ್ಕಾದರೂ ಅಷ್ಟು ಬುದ್ಧಿ ಇತ್ತು.

ದೇವೀರಮ್ಮ ಹತ್ತಿ ಕೀಳುತ್ತ ಕೂತಳು, ಕೀಳುತ್ತಲೇ ಬೈದಳು. ಬಿಸಿಯಾಗೋ ಸಾಮಾನನ್ನು ಹೊದಿಸಿ ಇಡಬಾರದು ಕಣೋ, ಮುಚ್ಚಿದ್ದನ್ನೆಲ್ಲ ತೆಗೆದು ಗಾಳಿಗೆ ಇಡಬೇಕು, ಫ್ಯಾನು ಚೆನ್ನಾಗಿ ಆಡೋ ಹಾಗೆ ನೋಡಬೇಕು. ಆಯ್ತು ಕಣವ್ವ ಅಂದ ಬೋರೇಶ.

ಆ ಮಧ್ಯಾಹ್ನವೇ ಅವಳು ಒಲೆ ಮೇಲೆ ಅನ್ನಕ್ಕಿಟ್ಟು, ನೋಡ್ಕೋತಿರು ಅಂತ ಅವನಿಗೆ ಹೇಳಿ ಅಂಗಡಿಗೆ ಬಂದಳು. ಪಾತ್ರೆ ಮುಟ್ಟಿ ನೋಡಿದ, ಬಿಸಿಯಾಗಿದೆ. ಬಿಸಿಯಾಗೋ ಸಾಮಾನನ್ನು ಏನು ಮಾಡಬೇಕು? ಮುಚ್ಚಳ ತೆಗೆದ. ಕಿಟಕಿ ತೆಗೆದ. ಟೇಬಲ್ ಫ್ಯಾನು ತಂದು ಒಲೆಗೆ ಮುಖ ಮಾಡಿ ಇಟ್ಟ. ಉರಿ ಆರಿತು, ಗ್ಯಾಸು ಬರುತ್ತಲೇ ಇತ್ತು. ವಾಸನೆ ಮುಂದಿನ ಕೋಣೆಗೆ ಬಂದಾಗ ದೇವೀರಮ್ಮ ಮಂಡಿಯನ್ನೂ ಮರೆತು ಓಡಿದಳು.

ಅವತ್ತು ಅವಳಿಗೆ ಬೈಯುವ ಶಕ್ತಿಯೂ ಇರಲಿಲ್ಲ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅನ್ನ ಮಾಡೋದು ಹೇಗೆ ಅಂತ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಳು. ಉರೀನ ಒಂದೇ ಸಲ ಏರಿಸಬೇಡ, ಚೂರು ಚೂರೇ ಏರಿಸು. ಪಕ್ಕದಲ್ಲೇ ನಿಂತು ನೋಡು. ಉಕ್ಕಿತು ಅಂದರೆ ಒಂದು ಚೂರು ಇಳಿಸಿ ಅಲ್ಲಿಗೆ ಬಿಡು. ಬೆಂದ ಮೇಲೆ ಬಟ್ಟೆ ಹಿಡಿದು ಬಗ್ಗಿಸಿ ಗಂಜಿ ಬಸಿ. ಬೋರೇಶ ಬಾಯಲ್ಲೇ ಅಂದುಕೊಂಡ, ಮನಸ್ಸಿನಲ್ಲಿ ಇಟ್ಟುಕೊಂಡ.

ಶನಿವಾರ ಇಮ್ತಿಯಾಜ ಬಂದ. ಫ್ಯಾನು ಸರಿಮಾಡಿದ. ಪರದೆಯಲ್ಲಿ ವೇಗ ಏರಿಸೋ ಜಾಗ ತೆರೆದು, ಇಲ್ಲಿ ಒತ್ತಿದರೆ ಏರುತ್ತೆ, ಇಲ್ಲಿ ಒತ್ತಿದರೆ ಇಳಿಯುತ್ತೆ ಅಂತ ಬೋರೇಶನಿಗೆ ತೋರಿಸುತ್ತಿದ್ದ. ಅಷ್ಟರಲ್ಲಿ ಸೊಸೈಟಿಯಿಂದ ಫೋನು ಬಂತು, ಅಲ್ಲಿ ಪ್ರಿಂಟರ್ ಕೆಟ್ಟಿದೆ ಅಂತ ಓಡಿದ. ಬೋರೇಶ ಒಬ್ಬನೇ ಉಳಿದ. ಏರಿಸೋದು, ಇಳಿಸೋದು. ಇದು ಗೊತ್ತಿದ್ದ ಕೆಲಸವೇ ಅಲ್ಲವಾ?

ಚೂರು ಏರಿಸಿದ. ಕಂಪ್ಯೂಟರಿನ ಪಕ್ಕದಲ್ಲೇ ನಿಂತ. ಕಾರ್ ರೇಸ್ ಹಾಕಿ ಓಡಲು ಬಿಟ್ಟು ನೋಡಿದ. ಇನ್ನೊಂದು ಚೂರು ಏರಿಸಿದ. ನೋಡಿದ. ಇನ್ನೊಂದು ಚೂರು. ಪರದೆ ನೀಲಿಯಾಗಿ ಎಲ್ಲ ನಿಂತುಹೋಯಿತು. ಉಕ್ಕಿತು ಅಂದುಕೊಂಡ. ಒಂದು ಚೂರು ಇಳಿಸಿದ, ಅಲ್ಲಿಗೆ ಬಿಟ್ಟ. ಕಾರು ತಿರುವಿನಲ್ಲಿ ನಿಲ್ಲದೆ ಓಡಿತು.

ಏನಂತೀರಿ? ಇಮ್ತಿಯಾಜ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನಿಗೂ ಜನ್ಮದಲ್ಲಿ ಒಂದು ದಿನ ಬರುತ್ತೆ. ಆ ದಿನ ಬಹಳ ಹೊತ್ತು ನಿಲ್ಲುವುದಿಲ್ಲ, ಅಷ್ಟೇ.

ದೇವೀರಮ್ಮ ಮನೆಯಿಂದ ಬರುವ ಹೊತ್ತಿಗೆ ಬೋರೇಶ ಎರಡು ಕೈಯಲ್ಲೂ ಬಟ್ಟೆ ಹಿಡಿದು, ಕಂಪ್ಯೂಟರಿನ ಡಬ್ಬವನ್ನು ವೈರು ಸಮೇತ ಎತ್ತಿ, ಬಕೆಟ್ಟಿನ ಮೇಲೆ ಬಗ್ಗಿಸುತ್ತಿದ್ದ. ಗಂಜಿ ಬಸಿಯಬೇಕಿತ್ತಲ್ಲ.

ಅವಳು ಹೋಗಿ ಡಬ್ಬವನ್ನು ತಬ್ಬಿಕೊಂಡಳು. ಇಬ್ಬರೂ ಸೇರಿ ಮೆಲ್ಲಗೆ ಮೇಜಿನ ಮೇಲೆ ಕೂರಿಸಿದರು. ಇಮ್ತಿಯಾಜ ವಾಪಸ್ ಬಂದು ಸಂಜೆವರೆಗೂ ರೇಸ್ ಓಡಿಸಿ ನೋಡಿದ, ಎಲ್ಲೂ ನಿಲ್ಲಲಿಲ್ಲ. ನಾನೂ ಇದಕ್ಕಿಂತ ಚೆನ್ನಾಗಿ ಮಾಡ್ತಿರಲಿಲ್ಲ ಅಕ್ಕ ಅಂದ. ದೇವೀರಮ್ಮನಿಗೆ ಅಳು ಬಂತು, ಖುಷಿಗೋ ಸುಸ್ತಿಗೋ ಅವಳಿಗೇ ತಿಳಿಯಲಿಲ್ಲ. ಮಗನ ತಲೆ ಸವರಿ ಹೇಳಿದಳು: ಇನ್ನು ಇದನ್ನ ಮುಟ್ಟಬೇಡ ಮಗ. ನೀನೂ ಮುಟ್ಟಬೇಡ, ಬೇರೆ ಯಾರನ್ನೂ ಮುಟ್ಟಕ್ಕೆ ಬಿಡಬೇಡ.

ಹೇಳಬಾರದಿತ್ತು. ನಿಮಗೂ ಗೊತ್ತಾಯಿತು, ನನಗೂ ಗೊತ್ತು. ಆದರೆ ಅವಳು ಬಹಳ ದಣಿದಿದ್ದಳು.

ಭಾನುವಾರ ಹುಡುಗರು ಬರುತ್ತಾರೆ ಅಂತ ದೇವೀರಮ್ಮ ಹಿಂದೆ ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದಳು. ನಂದೀಶನ ಗುಂಪು ಬಂತು. ಬೋರೇಶ ಕಂಪ್ಯೂಟರಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತಿದ್ದ. ಮುಟ್ಟಬಾರದು ಅಂದ. ಆಡಕ್ಕೆ ಬಂದಿದೀವಿ ಅಣ್ಣ ಅಂದರು. ಆಡಿ, ಮುಟ್ಟಬೇಡಿ ಅಂದ. ಮೌಸ್ ಮುಟ್ಟದೆ ಹೇಗೆ ಆಡೋದು ಅಂತ ನಂದೀಶ ನಗುತ್ತಲೇ ಕೇಳಿದ, ಆಮೇಲೆ ನಗದೆ ಕೇಳಿದ. ಬೋರೇಶನ ಬೆನ್ನ ಹಿಂದೆ ರೇಸ್ ಪರದೆಯ ಮೇಲೆ ಶುರುವಾಗಲು ಕಾಯುತ್ತಲೇ ಇತ್ತು. ಹುಡುಗರಿಗೆ ಎಷ್ಟು ಹೊತ್ತು ತಾಳ್ಮೆ ಇರುತ್ತೆ? ಎದುರು ಸಾಲಿಗೆ ಹೋದರು.

ದೇವೀರಮ್ಮ ಬೋಂಡದ ತಟ್ಟೆ ಹಿಡಿದು ಬಂದಳು. ಅಂಗಡಿ ಖಾಲಿ.

“ಯಾರೂ ಮುಟ್ಟಿಲ್ಲ ಕಣವ್ವ,” ಅಂದ ಬೋರೇಶ. ಮುಖ ಅರಳಿತ್ತು.

ಅವಳು ತಟ್ಟೆ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಕುರ್ಚಿ ನೋಡುತ್ತ, ಯಾರಿಗೋ ಹೇಳುವ ಹಾಗೆ ಹೇಳಿದಳು.

“ಬಂದೋರ್ನ ಕೈ ಹಿಡ್ಕೊಂಡು ಕೂರಿಸ್ಬೇಕಿತ್ತು ಕಣ್ಲಾ. ಮೌಸ್ ಕೈಗೆ ಕೊಡ್ಬೇಕಿತ್ತು. ಸಾಕು ಅನ್ನೋಗಂಟ ಎದ್ದೋಗಕ್ಕೆ ಬಿಡಬಾರ್ದಿತ್ತು.”

“ಆಯ್ತು ಕಣವ್ವ.”

ಸಂಜೆ ಅವಳೇ ಹೋಗಿ ಗಾರ್ಮೆಂಟ್ಸ್ ಹೆಂಗಸರಿಗೆ ನಾಳೆಯಿಂದ ಬರ್ತೀನಿ ಅಂದು ಬಂದಳು. ಅಲ್ಲಿ ಆಳಿಗೆ ಯಾವಾಗಲೂ ಬರ. ಆಯ್ತು ಬಾ ಅಂದರು.

ಸೋಮವಾರ ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಬಂದು ಅಂಗಡಿ ಮುಂದೆ ನಿಂತಿತು. ದೇವೀರಮ್ಮ ಹಿಂದೆ ಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು, ತಡವಾಯಿತು. ಡ್ರೈವರ್ ಕೆಂಪಯ್ಯ ಇಳಿದು ಬಂದ, ಎಲ್ಲಪ್ಪ ನಿಮ್ಮವ್ವ, ಬೇಗ ಕರಿ ಅಂದ.

ಬಂದವನು ಅಂದರೆ ಬಂದವನೇ. ಬೋರೇಶ ಅವನ ಕೈ ಹಿಡಿದ. ಕುರ್ಚಿಯಲ್ಲಿ ಕೂರಿಸಿದ. ಮೌಸ್ ಕೈಗೆ ಕೊಟ್ಟ. ಎದ್ದು ಹೋಗಬಾರದಲ್ಲ, ಹೊರಗೆ ಬಂದು ಶಟರ್ ಎಳೆದು ಬೀಗ ಹಾಕಿ ಮೆಟ್ಟಿಲ ಮೇಲೆ ಕೂತ. ಒಳಗಿಂದ ಕೆಂಪಯ್ಯ ಶಟರ್ ಬಡಿದ, ಕೂಗಾಡಿದ, ಬೈಗುಳವೆಲ್ಲ ಬೈದ. ಸಾಕಾ ಅಣ್ಣ ಅಂತ ಬೋರೇಶ ಕೇಳಿದ. ಆ ಗಲಾಟೆಯಲ್ಲಿ ಕೆಂಪಯ್ಯನಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಡಿಯುವುದು ನಿಂತಿತು. ಆಮೇಲೆ ಒಳಗಿಂದ ಕಾರು ಓಡುವ ಸದ್ದು ಬಂತು.

ಬಸ್ಸಿನ ಹೆಂಗಸರು ಒಬ್ಬೊಬ್ಬರೇ ಹಾರನ್ ಒತ್ತಿ ನೋಡಿದರು. ಹೊತ್ತು ಮೀರುತ್ತಿತ್ತು. ದೇವೀರಮ್ಮ ಊಟದ ಡಬ್ಬಿ ಹಿಡಿದು ಕುಂಟುತ್ತ ಪಕ್ಕದ ಓಣಿಯಿಂದ ಬಂದಳು, ವಿಷಯ ಕೇಳಿದಳು, ಮಗನ ಕೈಯಿಂದ ಬೀಗದಕೈ ಇಸ್ಕೊಂಡು ಬೀಗ ತೆಗೆದಳು, ಅದನ್ನು ಬೀಗದಲ್ಲೇ ಬಿಟ್ಟು ಶಟರ್ ಎತ್ತಿದಳು. ಒಳಗೆ ಹೋಗಿ, ಬಾರಪ್ಪ ಬಸ್ಸು ಕಾಯ್ತಾ ಇದೆ ಅಂತ ಕೆಂಪಯ್ಯನ ತೋಳು ಹಿಡಿದಳು.

ಕೆಂಪಯ್ಯ ತಿರುಗಿ ನೋಡಲಿಲ್ಲ.

“ಇನ್ನೊಂದ್ ರೌಂಡ್ ಅಕ್ಕ,” ಅಂದ. “ಈ ರೋಡಲ್ಲಿ ಒಂದೇ ಒಂದ್ ರೋಡ್ ಹಂಪೂ ಇಲ್ಲ ಕಣಕ್ಕ.”

ಇನ್ನೊಂದು ಅಂದರೆ ಸಾಕಾಗಿಲ್ಲ ಅಂತ ತಾನೆ? ಬೋರೇಶ ಹೊರಗಿಂದ ಕೇಳಿಸಿಕೊಂಡ. ಈಗ ಒಳಗೆ ಇಬ್ಬರಿದ್ದರು. ಶಟರ್ ಎಳೆದ, ಬೀಗ ಒತ್ತಿದ.

ಕತ್ತಲಾದ ಕೋಣೆಯಲ್ಲಿ ಪರದೆಯ ಬೆಳಕು ಮಾತ್ರ ಉಳಿಯಿತು. ಕಾರು ಎಲ್ಲೂ ನಿಲ್ಲದೆ, ಎಲ್ಲೂ ಏದುಸಿರು ಬಿಡದೆ ಓಡುತ್ತಿತ್ತು. ಅದು ಓಡುವುದನ್ನು ದೇವೀರಮ್ಮ ಕೂತು ನೋಡಿರಲೇ ಇಲ್ಲ. ಹೊರಗೆ ಹಾರನ್ ಮೇಲೆ ಹಾರನ್.

“ಸಾಕಾ ಅವ್ವ?” ಬೋರೇಶ ಶಟರಿಗೆ ಬಾಯಿಟ್ಟು ಕೂಗಿದ.

ಸಾಕು ಅಂದರೆ ಬಾಗಿಲು ತೆಗೆಯುತ್ತಾನೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ತೆಗೆದರೆ ಬಸ್ಸು ಹತ್ತಬೇಕು, ಸಂಜೆವರೆಗೂ ನಿಲ್ಲಬೇಕು. ದೇವೀರಮ್ಮ ಊಟದ ಡಬ್ಬಿ ನೆಲಕ್ಕಿಟ್ಟಳು. ಸ್ಟೂಲು ಎಳೆದುಕೊಂಡು ಮಂಡಿ ಚಾಚಿ ಕೂತಳು.

“ಇನ್ನೂ ಇಲ್ಲ ಕಣ್ಮಗ,” ಅಂದಳು.