ಒಂದು ಕೊಡ ನೀರು

ನಮ್ಮ ಊರಿಗೆ ಮಳೆಗಾಲದಲ್ಲಿ ಬನ್ನಿ. ಹೊಳೆದಂಡೆಯ ಊರು, ಆದರೂ ಓಣಿಯಲ್ಲಿ ನಿಮ್ಮ ಚಪ್ಪಲಿಗೆ ಕೆಸರು ಹತ್ತಿದರೆ ನನ್ನನ್ನು ಕೇಳಿ. ಇದನ್ನು ಜಂಬ ಅಂದುಕೊಂಡರೂ ಅಡ್ಡಿಯಿಲ್ಲ. ಈ ಕಥೆ ಹೇಳುವಾಗ ನನಗೆ ಜಂಬ ಬಂದೇ ಬರುತ್ತದೆ.

ಬೇರೆ ಮಠಗಳಲ್ಲಿ ಶಾಸ್ತ್ರ ಕಲಿಸುತ್ತಾರೆ, ಸಂಗೀತ ಕಲಿಸುತ್ತಾರೆ. ನಮ್ಮ ಮಠದಲ್ಲಿ ಮನೆ ಕಟ್ಟುವುದನ್ನು ಕಲಿಸುತ್ತಿದ್ದರು. ಮಠದ ಸ್ವಾಮಿಗಳು ಅಡವಯ್ಯಜ್ಜ ಕಾವಿ ಉಡುವ ಮೊದಲು ಗೌಂಡಿ ಕೆಲಸ ಮಾಡಿದವರು. ಕಾವಿ ಉಟ್ಟ ಮೇಲೂ ಗಾರೆ ಮೆತ್ತುವ ಕರಣಿ ಕೆಳಗಿಡಲಿಲ್ಲ.

ಮಠದ ಮುಂದಿನ ಕಲ್ಲುಕಟ್ಟೆ ಅವರೇ ಕಟ್ಟಿದ್ದು. ಮೂವತ್ತು ವರ್ಷವಾದರೂ ಒಂದು ಕಲ್ಲು ಅಲ್ಲಾಡಿರಲಿಲ್ಲ. ಮನೆಗೆ ಬೀಗರು ಬಂದರೆ ನಮ್ಮವರು ಮೊದಲು ಆ ಕಟ್ಟೆ ತೋರಿಸುತ್ತಿದ್ದರು. ಸಂಜೆ ಅಜ್ಜಾರು ಅದರ ನಟ್ಟನಡುವೆ ಕೂರುತ್ತಿದ್ದರು, ಊರ ಹಿರಿಯರು ಸುತ್ತ ಕೂರುತ್ತಿದ್ದರು.

ಶಿಷ್ಯನ ಕೆಲಸ ಮುಗಿಯಿತು ಅಂದರೆ ಅಜ್ಜಾರು ಹೋಗಿ ಗೋಡೆ ನೋಡುತ್ತಿರಲಿಲ್ಲ. ಒಂದು ಕೊಡ ನೀರು ಕೇಳುತ್ತಿದ್ದರು. ಅದನ್ನು ಸುರಿದು, ಎಲ್ಲಿ ಹೋಗುತ್ತದೆ ಅಂತ ನೋಡುತ್ತ ನಿಲ್ಲುತ್ತಿದ್ದರು. ಮನಸ್ಸಿಗೆ ಬಂದರೆ ಶಿಷ್ಯನ ಕೈಗೆ ಒಂದು ಕರಣಿ ಕೊಡುತ್ತಿದ್ದರು. ಅದು ಸಿಕ್ಕವನು ಸ್ವಂತ ಕೆಲಸ ಹಿಡಿಯಬಹುದು, ಅಡವಯ್ಯಜ್ಜನ ಶಿಷ್ಯ ಅಂತ ಹೇಳಿಕೊಳ್ಳಬಹುದು.

ಅಲ್ಲಿಯವರೆಗೆ ನಾಲ್ಕೇ ಜನಕ್ಕೆ ಸಿಕ್ಕಿತ್ತು.

ದ್ಯಾಮಣ್ಣ ಒಂಬತ್ತು ವರ್ಷದಿಂದ ಅಜ್ಜಾರ ಹಿಂದೆ ಕಲ್ಲು ಹೊತ್ತಿದ್ದ. ಐದನೆಯವನು ತಾನೇ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಆದರೆ ಅಜ್ಜಾರು ಅವನಿಗೆ ಒಪ್ಪಿಸಿದ್ದು ಹೊಸ ಮನೆಯಲ್ಲ, ನೇಕಾರ ಸಾವಂತ್ರೆವ್ವನ ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆ.

ಸಾವಂತ್ರೆವ್ವನದು ಕುಣಿಮಗ್ಗ. ನೆಲದಲ್ಲಿ ಮೊಣಕಾಲುದ್ದದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಳೆಗಾಲ ಬಂತೆಂದರೆ ಆ ಕುಣಿಯಲ್ಲಿ ನೀರು. ಎಷ್ಟೋ ಮಳೆಗಾಲ ಆಕೆ ನೀರಲ್ಲಿ ಕಾಲಿಟ್ಟುಕೊಂಡೇ ಸೀರೆ ನೇಯ್ದಿದ್ದಳು. ಕಾಲ್ಬೆರಳ ಸಂದಿಯಲ್ಲಿ ಚರ್ಮ ಸುಲಿದು ಹೋಗಿತ್ತು.

"ಈಕೀ ಕುಣಿ ಒಣಾ ಇರಬೇಕು. ಮಿರಗದ ಮಳಿ ಬರೂದ್ರಾಗ ಮುಗಸು," ಅಂದರು ಅಜ್ಜಾರು. "ಅಷ್ಟ ಮಾಡು, ಕರಣಿ ನಿಂದು."

"ಅಷ್ಟ ಏನ್ರಿ?" ಅಂದ ದ್ಯಾಮಣ್ಣ.

"ಅಷ್ಟ."

ಮಿರಗ, ಅಂದರೆ ಮೃಗಶಿರಾ ಮಳೆ, ಇನ್ನೂ ದೂರವಿತ್ತು; ದ್ಯಾಮಣ್ಣ ಎಂಟೇ ದಿನದಲ್ಲಿ ಮುಗಿಸಿದ. ಹೊಸ್ತಿಲನ್ನು ಒಂದು ಗೇಣು ಎತ್ತರಿಸಿದ. ಕುಣಿಯ ಒಳಗೆಲ್ಲ ಸಿಮೆಂಟ್ ಬಳಿದು, ಮುಖ ನೋಡಿಕೊಳ್ಳುವಷ್ಟು ನುಣುಪು ಮಾಡಿದ. ಆಮೇಲೆ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಅಜ್ಜಾರನ್ನು ಕರೆತಂದ.

ಅಜ್ಜಾರು ಒಂದು ಕೊಡ ನೀರು ಕೇಳಿದರು. ಬಾಗಿಲ ಹೊರಗೆ ಸುರಿದರು. ನೀರು ಹೊಸ್ತಿಲವರೆಗೆ ಬಂದು ನಿಂತಿತು.

ದ್ಯಾಮಣ್ಣ ಮೀಸೆ ತೀಡಿಕೊಂಡ.

"ಇನ್ನೊಂದು ಕೊಡ ಕೊಡವ್ವಾ," ಅಂದರು ಅಜ್ಜಾರು. ಅದನ್ನು ಮನೆಯ ಒಳಗೆ ಸುರಿದರು. ನೀರು ಒಂದು ಗಳಿಗೆ ಅತ್ತಿತ್ತ ನೋಡಿ, ಸೀದಾ ಹೋಗಿ ಕುಣಿಗೆ ಬಿತ್ತು. ಬಿದ್ದದ್ದು ಆ ನುಣುಪು ಸಿಮೆಂಟಿನ ಮೇಲೆ ಹಾಗೇ ನಿಂತಿತು.

"ಅಯ್ಯ ನನ್ನ ಶಿವನ!" ಅಂತ ಸಾವಂತ್ರೆವ್ವ ಬಾಯಿಗೆ ಸೆರಗು ಹಿಡಿದಳು.

"ಈ ನೀರು ಯಾವಾಗ ಹೋಗೂದೋ ದ್ಯಾಮಾ?" ಅಂದರು ಅಜ್ಜಾರು.

"ಒಳಗ ನೀರು ಬರೂದ ಇಲ್ಲಲ್ರಿ ಅಜ್ಜಾರ. ಹೊಸ್ತಿಲಾ ಎತ್ತರ ಮಾಡೀನಿ."

ಅಜ್ಜಾರು ತಲೆ ಎತ್ತಿ ಮಾಳಿಗೆಯ ಬೆಳಕಿಂಡಿ ನೋಡಿದರು. ದ್ಯಾಮಣ್ಣನೂ ನೋಡಿದ. ಆಕಾಶ ಕಾಣುತ್ತಿತ್ತು.

ಸಾವಂತ್ರೆವ್ವನಿಗೆ ತಡೆಯಲಾಗಲಿಲ್ಲ. "ಮಳಿ ಏನು ಬಾಗಲಾ ಬಡದು, ಒಳಗ ಬರ್ಲೇನವ್ವಾ ಅಂತ ಕೇಳಿ ಬರ್ತೈತೇನೋ ತಮ್ಮಾ? ಮೊದಲ ನೆಲಾನರ ಒಂದೀಟು ಕುಡೀತಿತ್ತು. ಈಗ ಅದರ ಬಾಯಾಗೂ ಸಿಮೆಂಟ್ ತುರುಕಿಬಿಟ್ಟಿ."

ಅಜ್ಜಾರು ಹೊರಟುಹೋದರು. ಆ ನೀರನ್ನು ತಂಬಿಗೆಯಲ್ಲಿ ಮೊಗೆದು ಹೊರಗೆ ಚೆಲ್ಲಿದವನು ದ್ಯಾಮಣ್ಣನೇ. ಹೊಸ ರುಮಾಲಿನಲ್ಲೇ ಕುಣಿ ಒರೆಸಿದ.

ಮರುದಿನ ತಾನು ಮಾಡಿದ್ದನ್ನೆಲ್ಲ ತಾನೇ ಒಡೆದ. ಹೊಸ್ತಿಲು ಇಳಿಸಿದ. ನೆಲ ಅಗೆದು ಹೊಸದಾಗಿ ವಾಟ ಕೊಟ್ಟ. ವಾಟ ಅಂದರೆ ನೀರು ಹೋಗಲು ಬಿಡುವ ಇಳಿಜಾರು, ನಮ್ಮ ಕಣ್ಣಿಗೆ ಕಾಣದಿದ್ದರೂ ನೀರಿಗೆ ಕಾಣುವಂಥದ್ದು. ಕುಣಿಯ ಸುತ್ತ ಬೆರಳೆತ್ತರದ ಅಂಚು ಕಟ್ಟಿದ. ಗೋಡೆಯ ಬುಡಕ್ಕೆ ಕೊಳವೆ ಇಟ್ಟ. ಹೊರಗೆ ಗೋಡೆಯ ಉದ್ದಕ್ಕೂ ಮಣ್ಣು ತುಳಿದು ಗಟ್ಟಿ ಮಾಡಿ, ಪಕ್ಕದಲ್ಲಿ ಒಂದು ಕಾಲುವೆ ತೋಡಿದ. ಈ ಸಲ ಹದಿನೈದು ದಿನ ಹಿಡಿಯಿತು.

ಅಜ್ಜಾರು ಬಂದು ಬೆಳಕಿಂಡಿಯ ಕೆಳಗೆ ನಿಂತು ನೀರು ಸುರಿದರು. ನೀರು ಕುಣಿಯನ್ನು ಬಳಸಿಕೊಂಡು, ಕೊಳವೆಯಲ್ಲಿ ನುಗ್ಗಿ, ಕಾಲುವೆಗಿಳಿದು ಓಡಿತು. ಕುಣಿಯಲ್ಲಿ ಒಂದು ಹನಿಯಿಲ್ಲ. ಸಾವಂತ್ರೆವ್ವ ಅದರೊಳಗೆ ಕೈಯಾಡಿಸಿ ನೋಡಿ ನಕ್ಕುಬಿಟ್ಟಳು.

"ಹೊರಗ ಹೋತ್ರಿ ಅಜ್ಜಾರ!" ಅಂತ ಕೂಗಿದ ದ್ಯಾಮಣ್ಣ.

"ಹೊರಗ ಅಂದ್ರ ಯಾರ ಮನಿ?"

ಅಷ್ಟರಲ್ಲಿ ಪಕ್ಕದ ಮನೆಯಿಂದ ಪಿಂಜಾರ ಲಾಲಸಾಬ್ ಬಂದ. ಗಾದಿಗೆ ತುಂಬುವ ಹತ್ತಿಯನ್ನು ಅವನು ಅಂಗಳದಲ್ಲಿ ಹರವಿದ್ದ. ಕೈಯಲ್ಲಿ ಒದ್ದೆ ಹತ್ತಿಯ ಮುದ್ದೆ ಹಿಡಿದಿದ್ದ.

"ಇಷ್ಟ ದಿನಾ ಸಾವಂತ್ರೆವ್ವನ ಮನ್ಯಾಗ ಇರತಿದ್ದ ನೀರು ಇವತ್ತ ನಮ್ಮ ಮನಿಗೆ ಬೀಗತನಕ್ಕ ಬಂದೈತಿ," ಅಂದ. "ಉಣ್ಣಾಕ ಏನ ಮಾಡಿಸ್ಲಿ?"

ಅಜ್ಜಾರು ನಕ್ಕರು. ದ್ಯಾಮಣ್ಣನಿಗೆ ಮಾತ್ರ ರೇಗಿತು.

"ನೀವು ಹೇಳಿದ್ದು ಒಂದ ಮನೀರಿ ಅಜ್ಜಾರ! ಆಕೀ ಕುಣಿ ಒಣಾ ಐತಿ. ಲಾಲಸಾಬ್ ಕಾಕಾನ ಅಂಗಳಾ ಉಳಿಸಿದ್ರ ಅದರಾಚಿ ಮನಿ, ಅದರಾಚಿ ಇನ್ನೊಂದು. ಮಠದತನಕ ಹದಿನಾರು ಮನಿ ಅದಾವು. ನಾ ಎಲ್ಲಿತನಕ ಹೋಗಬೇಕ್ರಿ?"

ಅಜ್ಜಾರು ಖಾಲಿ ಕೊಡವನ್ನು ಅವನ ಕಂಕುಳಿಗೆ ಇಟ್ಟರು.

"ತುಂಬ್ಕೊಂಡು ಬಂದು ಸುರಿ. ಅದರ ಹಿಂದ ನಡಿ. ಅದು ನಿಂತಲ್ಲಿ ನೀನೂ ನಿಂದ್ರು."

ದ್ಯಾಮಣ್ಣ ಎರಡು ದಿನ ಮಠದ ಕಡೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಓಣಿಯಲ್ಲಿ ನೀರು ಸುರಿಯುತ್ತ, ಅದರ ಹಿಂದೆ ಬಗ್ಗಿಕೊಂಡು ನಡೆಯುತ್ತಿದ್ದ. ಜನ ನಕ್ಕರು.

ನಮ್ಮ ಓಣಿ ನೋಡಲು ಸಪಾಟು. ಮಳೆಯಾದರೆ ಎಂಟು ದಿನ ನೀರು ನಿಲ್ಲುತ್ತಿತ್ತು. ಹೊಳೆದಂಡೆ ಊರಲ್ಲವೇ, ನಿಲ್ಲದೆ ಇನ್ನೇನು ಅಂತ ಎಲ್ಲರೂ ಸುಮ್ಮನಿದ್ದರು. ದ್ಯಾಮಣ್ಣ ಸುಮ್ಮನಿರಲಿಲ್ಲ. ನೀರು ನಿಂತಲ್ಲಿ ಅಗೆದ, ವಾಟ ನೋಡಿದ, ಮತ್ತೆ ಸುರಿದ. ಓಣಿಯ ಅಂಚಿಗೆ ಗಟಾರ ಮೂಡತೊಡಗಿತು.

ಐದನೆಯ ದಿನ ಲಾಲಸಾಬ್ ತಾನೂ ಗುದ್ದಲಿ ತಂದ. ಸಾವಂತ್ರೆವ್ವ ರೊಟ್ಟಿ ಕಟ್ಟಿಕೊಂಡು ಬಂದಳು. ಆಮೇಲೆ ಪ್ರತಿ ಮನೆಯವರೂ ತಮ್ಮ ಮನೆಯ ಮುಂದೆ ತಾವೇ ಅಗೆಯಲು ನಿಂತರು. ನಮ್ಮಪ್ಪನೂ ಅಗೆದಿದ್ದಾನೆ. ಮಠದಿಂದ ಎಣಿಸಿದರೆ ಮೂರನೆಯ ಮನೆ ನಮ್ಮದು, ಆ ಗಟಾರಕ್ಕೆ ಹಾಸಿದ ಕಲ್ಲು ಇವತ್ತಿಗೂ ಹಾಗೇ ಇದೆ. ಬಂದಾಗ ತೋರಿಸುತ್ತೇನೆ.

ಹದಿನಾರು ಮನೆ ದಾಟಿ ಗಟಾರ ಮಠದ ಮುಂದೆ ಬಂತು. ಅಲ್ಲಿ ದ್ಯಾಮಣ್ಣ ನಿಂತುಬಿಟ್ಟ.

ಎದುರಿಗೆ ಅಜ್ಜಾರ ಕಟ್ಟೆ.

ಕಟ್ಟೆಯ ಆಚೆಗೆ ಹೊಳೆಯ ಇಳಿಜಾರು, ಈಚೆಗೆ ಓಣಿ. ಎಡಕ್ಕೆ ಹೆಬ್ಬಂಡೆ, ಬಲಕ್ಕೆ ಮಠದ ಅಡುಗೆಮನೆಯ ಗೋಡೆ. ಇವೆರಡರ ನಡುವೆ ಇದ್ದ ಒಂದೇ ದಾರಿಗೆ ಕಟ್ಟೆ ಅಡ್ಡ ಕೂತಿತ್ತು. ದ್ಯಾಮಣ್ಣ ಬಂಡೆಯ ಹತ್ತಿರ ಅಗೆದು ನೋಡಿದ, ಗೋಡೆಯ ಹತ್ತಿರ ಅಗೆದು ನೋಡಿದ, ಎರಡೂ ಕಡೆ ದಾರಿ ಸಿಗಲಿಲ್ಲ. ಮೂವತ್ತು ವರ್ಷದಿಂದ ಓಣಿಯ ನೀರನ್ನು ಹಿಡಿದು ನಿಲ್ಲಿಸಿದ್ದು, ಸಾವಂತ್ರೆವ್ವನ ಕುಣಿ ತುಂಬಿಸಿದ್ದು ಯಾವುದು ಅಂತ ಅವನಿಗೆ ತಿಳಿಯಿತು.

ಲಾಲಸಾಬ್‌ಗೂ ತಿಳಿಯಿತು. ಅವನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ.

"ಏ ದ್ಯಾಮಾ, ಇಲ್ಲಿಗೇ ಬಿಡು. ಅಜ್ಜಾರ್ನ ಸಾವಂತ್ರೆವ್ವನ ಮನಿಗೆ ಕರಕೊಂಡು ಹೋಗು. ಒಂದು ಕೊಡ ನೀರು ಸುರೀತಾರ, ಅದು ಹದಿನಾರು ಮನಿ ದಾಟಿ ಬಂದು ಇಲ್ಲಿ ಇಂಗ್ತೈತಿ. ಯಾರ ಮನಿಗೂ ಹೋಗೂದಿಲ್ಲ. ಕರಣಿ ಕೊಡ್ತಾರ, ತಗೊಂಡು ಸುಮ್ನ ಹೋಗು."

"ಒಂದು ಕೊಡ ಇಂಗ್ತೈತಿ ಕಾಕಾ. ಮಿರಗದ ಮಳಿ?"

"ಒಂಬತ್ತು ವರ್ಷ ಕಲ್ಲು ಹೊತ್ತಿ. ಗುರುಗಳ ಕಟ್ಟಿಗೆ ಕೈ ಹಚ್ಚಿದ್ರ ಕರಣಿ ಹೋಗ್ಲಿ, ಊರಾಗ ಒಂದು ಗೋಡಿ ಕಟ್ಟಾಕೂ ಯಾರೂ ನಿನ್ನ ಕರಿಯೂದಿಲ್ಲ."

ದ್ಯಾಮಣ್ಣ ಕಟ್ಟೆಯ ಬುಡದಲ್ಲೇ ಕೂತುಬಿಟ್ಟ. ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ರೋಹಿಣಿ ಮಳೆ ಮುಗಿಯುತ್ತ ಬಂದಿತ್ತು, ಮಿರಗಕ್ಕೆ ಮೂರೇ ದಿನ.

ಮರುದಿನ ಸಂಜೆ ಅಜ್ಜಾರು ಎಂದಿನಂತೆ ಕಟ್ಟೆಯ ನಟ್ಟನಡುವೆ ಕೂತಿದ್ದರು. ಹಿರಿಯ ಬಾಳನಗೌಡರು ಪಕ್ಕದಲ್ಲಿದ್ದರು. ಕೆಳಗೆ ಅರ್ಧ ಊರು ನೆರೆದಿತ್ತು.

ದ್ಯಾಮಣ್ಣ ಹೆಗಲ ಮೇಲೆ ತುಂಬಿದ ಕೊಡ ಹೊತ್ತು ಬಂದ.

"ಅಜ್ಜಾರ, ಒಂದು ಕೊಡ ನೀರು ತಂದೀನ್ರಿ."

"ನಾ ಕೇಳಿದ್ದಿಲ್ಲಲ್ಲೋ."

"ಹೌದ್ರಿ. ನೀವು ಕೇಳಿಲ್ಲ."

ಅಂದವನೇ ಗಟಾರಕ್ಕೆ ಸುರಿದ. ನೀರು ಚಂದವಾಗಿ ಹರಿದು ಬಂತು. ಕಟ್ಟೆಯ ಬುಡಕ್ಕೆ ಬಡಿದು, ಅಜ್ಜಾರ ಕಾಲ ಕೆಳಗೆ ನಿಂತಿತು.

ಬಾಳನಗೌಡರು ಎದ್ದು ನಿಂತರು.

"ಏನಲೇ! ಗುರುಗಳ ಕಟ್ಟಿಗೇ ಪರೀಕ್ಷೆ ಮಾಡ್ತೀ? ಕರಣಿ ಬ್ಯಾಡೇನು ನಿನಗ?"

"ಬೇಕ್ರಿ ಗೌಡ್ರ," ಅಂದ ದ್ಯಾಮಣ್ಣ. "ಬಾಳ ಬೇಕ್ರಿ. ಆದ್ರ ನೀರು ಇಲ್ಲೇ ನಿಂತೈತ್ರಿ. ಮಳಿ ಬಂದ್ರ ಇಲ್ಲಿಂದ ಹಿಂದಕ್ಕ ಏರ್ತೈತಿ. ಸಾವಂತ್ರೆವ್ವನ ಕುಣಿಗೇ ಹೋಗಿ ಮುಟ್ತೈತಿ."

ಅಜ್ಜಾರು ಬಗ್ಗಿ ನೀರನ್ನು ನೋಡಿದರು.

"ಗೌಡ್ರ, ಮೂವತ್ತು ವರ್ಷ ನಾನೂ ನೀವೂ ಇದರ ಮ್ಯಾಲೇ ಕುಂತೀವಿ," ಅಂದರು. "ಕುಂತವ್ರಿಗೆ ಕೆಳಗಿಂದು ಹೆಂಗ ಕಾಣಬೇಕು?"

ಎದ್ದು ಮಠದೊಳಗೆ ಹೋದರು. ಬರುವಾಗ ಕೈಯಲ್ಲಿ ಕರಣಿ ಇತ್ತು. ಹೊಸದಲ್ಲ. ಆ ಕಟ್ಟೆ ಕಟ್ಟಿದ ಅವರದೇ ಕರಣಿ, ಸವೆದು ಅರ್ಧವಾಗಿತ್ತು. ಅದನ್ನು ದ್ಯಾಮಣ್ಣನ ಕೈಗಿಟ್ಟು, ಅವನ ಹೆಗಲ ಮೇಲೆ ಕೈಹಾಕಿ, ಓಣಿಯ ಆ ತುದಿಗೂ ಕೇಳುವಂತೆ ಹೇಳಿದರು.

"ನೋಡ್ರಿ, ಎಲ್ಲಾರೂ ನೋಡ್ರಿ! ಇವ ನನ್ನ ಶಿಷ್ಯ!"

ಅಜ್ಜಾರ ಕಣ್ಣಲ್ಲಿ ನೀರು ಬಂದಿತ್ತಂತೆ. ನಮ್ಮಪ್ಪ ಈ ಕಥೆ ಹೇಳುವಾಗ ಈ ಮಾತಿಗೆ ಬಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ನಾನೂ ಈಗ ನಿಂತೇ ಹೇಳುತ್ತಿದ್ದೇನೆ.

ದ್ಯಾಮಣ್ಣ ಕರಣಿಯನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಗಿಸಿಕೊಂಡ. ಲಾಲಸಾಬ್ ಹಾರೆ ತಂದು ಕೊಟ್ಟ. ಗೌಡರು ಗೊಣಗುತ್ತ ಕೆಳಗಿಳಿದರು. ದ್ಯಾಮಣ್ಣ ಹಾರೆ ಎತ್ತಿದ, ಆದರೆ ಕೈ ಮುಂದೆ ಹೋಗಲಿಲ್ಲ. ಒಂದು ಕಲ್ಲೂ ಅಲ್ಲಾಡದ ಕಟ್ಟೆ ಅದು.

"ಎಲ್ಲಿಂದ ಒಡೀಲ್ರಿ ಅಜ್ಜಾರ?"

ಅಜ್ಜಾರು ಕಾವಿ ಎತ್ತಿಕಟ್ಟಿ, ಗಟಾರದ ನೀರಿಗೆ ಇಳಿದು, ಶಿಷ್ಯನ ಪಕ್ಕ ನಿಂತರು.

"ನಾ ಕುಂಡ್ರತಿದ್ದ ಜಾಗದಿಂದ."