ಹುರಿದ ಬೀಜಕ್ಕೆ ಪಾಲಿಲ್ಲ

ಅಳಿಲು, ಇರುವೆ, ನವಿಲು, ಪಾರಿವಾಳ ಕೂಡಿ ಒಂದು ಹುರುಳಿ ಕಣಜ ಮಾಡಿದ್ದವು. ಪಾಲಿನ ಗುರುತಿಗೆ ಪ್ರತಿಯೊಬ್ಬರ ಬಳಿ ಒಂದೊಂದು ಹುಣಸೆ ಬೀಜವಿತ್ತು. ಕಣಜ ಕಾಯುವುದು ಅಳಿಲಿನ ಕೆಲಸ.

ಒಂದು ವರ್ಷ ಕಣಜ ತುಂಬಿ ತುಳುಕಿತು. ಪಾರಿವಾಳ ಬಂದು, "ಅಳಿಲಣ್ಣ, ಮಗಳ ಬಾಣಂತನಕ್ಕೆ ಆಚೆ ಬೆಟ್ಟಕ್ಕೆ ಹೊರಟೆ. ಇನ್ನು ಅಲ್ಲೇ ಇರುತ್ತೇನೆ. ಈ ಬೀಜ ತಗೊಂಡು ನನ್ನ ಪಾಲು ಕೊಟ್ಟುಬಿಡು" ಎಂದಿತು.

ಅಳಿಲು ಕಣಜಕ್ಕೆ ಅಡ್ಡ ನಿಂತಿತು. "ಕೊಟ್ಟರೆ ಕಣಜ ಕರಗುತ್ತದಲ್ಲ!"

"ಹೋದ ವರ್ಷ ಮಿಕ್ಕ ಕಾಳನ್ನು ಹುಳ ತಿಂದಾಗ ಕರಗಲಿಲ್ಲವೇ?" ಎಂದು ಇರುವೆ ನಕ್ಕಿತು.

ಅಳಿಲು ಒಲ್ಲದ ಮನಸ್ಸಿನಿಂದ ಕಾಳು ಅಳೆದು ಕೊಟ್ಟಿತು. ಪಾರಿವಾಳ ಹಿಗ್ಗುತ್ತ ಹಾರಿತು. ಅಳಿಲು ಬೀಜವನ್ನು ಮೆಲ್ಲಗೆ ಕೆನ್ನೆಯೊಳಗೆ ಸೇರಿಸಿತು.

"ಉಗುಳು ಮಾರಾಯ! ಕೊಟ್ಟದ್ದು ನಮ್ಮೆಲ್ಲರ ಕಾಳು. ಆ ಬೀಜಕ್ಕೆ ಇನ್ನು ಪಾಲಿಲ್ಲ" ಎಂದ ಇರುವೆ ಅದನ್ನು ಹುರಿಯಿತು. ಮೂವರೂ ಹಂಚಿಕೊಂಡು ಕಟಕಟನೆ ಕಡಿದು ತಿಂದರು.

ಮುಂದಿನ ಸುಗ್ಗಿಯಲ್ಲಿ ಬೆಳೆ ಹೋದ ಸಲದಷ್ಟೇ ಬಂತು. ಇರುವೆ ನಾಲ್ಕರ ಬದಲು ಮೂರೇ ರಾಶಿ ಹಾಕಿತು. ಅಳಿಲು ತನ್ನ ದೊಡ್ಡ ರಾಶಿಯ ಮೇಲೆ ಕುಣಿಯುತ್ತ ಕೇಳಿತು: "ನವಿಲಕ್ಕ, ನಿನ್ನ ಮಗಳು ಬಸುರಿಯಾಗೋದು ಯಾವಾಗ?"